ಪಕ್ಕದ ಮಂಚದವನು

ಥರ್ಮಾಮೀಟರನ್ನು ಬಚ್ಚಲುಮನೆಯ ಕಪಾಟಿನಲ್ಲಿ, ಕ್ಷೌರದ ಸಾಮಾನಿನ ಹಿಂದೆ ಅಡಗಿಸಿಟ್ಟಿದ್ದ. ಅಡಗಿಸಿಟ್ಟಿದ್ದ ಎಂದರೆ ಹೆಂಡತಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿರುವುದನ್ನು ಅವಳು ತೋರಿಸಿಕೊಳ್ಳುತ್ತಿರಲಿಲ್ಲ, ಅಷ್ಟೆ. ನಲ್ಲಿಯನ್ನು ಸಣ್ಣಗೆ ಬಿಟ್ಟು, ನಾಲಗೆಯಡಿ ಗಾಜಿನ ಕಡ್ಡಿ ಇಟ್ಟುಕೊಂಡು ಕನ್ನಡಿಯೆದುರು ನಿಂತ. ಎದ್ದಾಗಿನಿಂದ ಬೆನ್ನಿನ ನಡುವೆ ಏನೋ ತಣ್ಣಗೆ ಹರಿದಾಡುತ್ತಿತ್ತು. ಕಿಟಕಿ ತೆರೆದಿದ್ದಕ್ಕೋ, ರಾತ್ರಿ ಹೊದಿಕೆ ಜಾರಿದ್ದಕ್ಕೋ, ಅಥವಾ ಅದೇ ಮತ್ತೆ ಬಂದಿತೋ. ಕನ್ನಡಿಯೊಳಗಿನ ಮುಖ ಐವತ್ತು ದಾಟಿದ ಯಾವ ಗಂಡಸಿನ ಮುಖವೂ ಆಗಬಹುದಿತ್ತು. ಅದರಲ್ಲಿ ಕಾಯಿಲೆಯೂ ಇರಲಿಲ್ಲ, ಆರೋಗ್ಯವೂ ಇರಲಿಲ್ಲ. "ಈಗ ಚೆನ್ನಾಗಿ ಕಾಣ್ತೀರಿ ಬಿಡಿ" ಎಂದು ಎಲ್ಲರೂ ಹೇಳುತ್ತಿದ್ದ ಮುಖ.

"ರೀ, ಆಯ್ತಾ?" ಹೊರಗಿನಿಂದ ಹೆಂಡತಿ ಕೇಳಿದಳು. ಬಾಯಲ್ಲಿ ಕಡ್ಡಿ ಇದ್ದುದರಿಂದ ಬರೀ "ಹ್ಞೂಂ" ಎಂದ. ಆ ಹ್ಞೂಂ ಹೇಗೆ ಕೇಳಿಸಿತೋ ಏನೋ, ಅವಳು ಅಲ್ಲಿಂದ ಕದಲಲಿಲ್ಲ. ಬಾಗಿಲ ಕೆಳಗಿನ ಸಂದಿನಲ್ಲಿ ನೆರಳು ನಿಂತೇ ಇತ್ತು. ಹಿಂದೆ ಇವಳು ಹೀಗಿರಲಿಲ್ಲ. ಬಾಗಿಲು ಬಡಿದು, "ಒಳಗೇನು ಸಂಸಾರ ಹೂಡಿದ್ದೀರಾ" ಎನ್ನುತ್ತಿದ್ದವಳು. ಈಗ ಅವಳ ಮಾತಿಗೆಲ್ಲ ಅಂಚು ಮಡಚಿ ಹೊಲಿದ ಹಾಗಿತ್ತು, ಎಲ್ಲೂ ಗೀಚುತ್ತಿರಲಿಲ್ಲ. ಕಡ್ಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಪಾದರಸ ತೊಂಬತ್ತೊಂಬತ್ತರ ಗೆರೆಯನ್ನು ದಾಟಿಯೂ ದಾಟದಂತೆ ನಿಂತಿತ್ತು. ಇದಕ್ಕೆ ಜ್ವರ ಅನ್ನುವುದೋ ಬೇಡವೋ. ಜ್ವರ ಬಂದರೆ ಮನೆಯಲ್ಲಿ ಕೂರದೆ ನೇರ ಬಂದುಬಿಡಿ ಎಂದು ಹೃದಯದ ಡಾಕ್ಟರು ಹೇಳಿದ್ದರು. ಎರಡು ಸಲ ಹಾಗೆ ಓಡಿಹೋಗಿಯೂ ಇದ್ದ. ಮೊದಲನೆಯದು ನೆಗಡಿ. ಎರಡನೆಯದು ಏನೂ ಅಲ್ಲ. ಆ ಎರಡನೆಯ ಸಲ ಡಾಕ್ಟರು, "ಭಯ ಸಹಜ" ಎಂದು ಅವನ ಹೆಗಲು ತಟ್ಟಿ, ಅವನ ತಲೆಯ ಮೇಲಿಂದ ಹೆಂಡತಿಯ ಕಡೆ ನೋಡಿ ಮುಗುಳ್ನಕ್ಕಿದ್ದರು, ಹಟ ಮಾಡುವ ಮಗುವಿನ ತಾಯಿಯನ್ನು ನೋಡಿ ನಗುವ ಹಾಗೆ. ಮನೆಗೆ ಬರುವವರೆಗೂ ಅವಳು ಒಂದು ಮಾತಾಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕಡ್ಡಿಯನ್ನು ತೊಳೆದು ಕಪಾಟಿಗೆ ಸೇರಿಸಿ ಹೊರಬಂದಾಗ ಅವಳು ಅವನ ಮುಖ ನೋಡದೆ ಟವೆಲು ಮಡಚುತ್ತಿದ್ದಳು. "ಹುಷಾರಾಗಿದ್ದೀರಲ್ಲ?" ಎಂದಳು. "ಹುಷಾರಾಗಿದ್ದೀನಿ" ಎಂದ. ಇಬ್ಬರೂ ಅಲ್ಲಿಗೆ ಬಿಟ್ಟರು.

ಅವನ ಕೆಲಸ ಡ್ರೈವಿಂಗ್ ಶಾಲೆಯಲ್ಲಿ. ಕಲಿಯುವವರ ಪಕ್ಕದ ಸೀಟು, ಆ ಸೀಟಿನ ಕೆಳಗೂ ಒಂದು ಬ್ರೇಕು. ಇಪ್ಪತ್ತು ವರ್ಷಗಳಿಂದ ಬೇರೆಯವರು ಓಡಿಸುವ ಕಾರಿನಲ್ಲಿ ಕೂತು, ಬೇರೆಯವರ ತಪ್ಪಿಗೆ ತನ್ನ ಪಾದವನ್ನು ಸಿದ್ಧವಾಗಿಟ್ಟುಕೊಂಡವನು. ಈ ದಿನದ ಮೊದಲ ಪಾಠ ಬೇಕರಿಯ ಯಜಮಾನಿಯದು. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದರೂ ಎದೆಗುಂದದ ದಪ್ಪ ಹೆಂಗಸು. ಸ್ಟಿಯರಿಂಗನ್ನು ಹಿಟ್ಟು ನಾದುವ ಹಾಗೆ ನಾದುತ್ತ, ಗೇರು ಬದಲಿಸುವಾಗಲೆಲ್ಲ ನಾಲಗೆ ಕಚ್ಚುತ್ತಿದ್ದಳು. "ಸರ್, ಬ್ರೇಕ್ ನಾನು ಒತ್ತಿದ್ನಾ, ನೀವು ಒತ್ತಿದ್ರಾ?" ಎಂದು ಪ್ರತಿ ತಿರುವಿನಲ್ಲೂ ಕೇಳುವಳು. "ನೀವೇ ಮೇಡಂ" ಎಂದು ಸುಳ್ಳು ಹೇಳುತ್ತಿದ್ದ. ಅವಳ ಮಾತು ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಬೆನ್ನಿನ ತಣ್ಣನೆಯದು ಈಗ ಹೆಗಲಿಗೆ ಬಂದಿತ್ತು. ಅಂಗಿಯೊಳಗೆ ಕೈ ತೂರಿಸಿ ಕಂಕುಳಿನ ಬಿಸಿ ನೋಡಿಕೊಳ್ಳಬೇಕೆನಿಸಿತು. ಪಕ್ಕದಲ್ಲಿ ಪರಸ್ತ್ರೀ, ಸುಮ್ಮನಾದ. ಹೋದ ವರ್ಷವೂ ಹೀಗೇ ಶುರುವಾಗಿತ್ತು. ಸಂಜೆಯಾದರೆ ಸಣ್ಣ ಜ್ವರ, ಬೆಳಗಿನ ಹೊತ್ತಿಗೆ ಬೆವರಿನಿಂದ ಒದ್ದೆಯಾದ ದಿಂಬು, ಹಸಿವಿಲ್ಲ, ಬೆಲ್ಟಿಗೆ ಹೊಸ ತೂತು. ಬೀದಿ ಕೊನೆಯ ಡಾಕ್ಟರು ವೈರಲ್ ಎಂದರು, ಆಮೇಲೆ ಬೇರೆ ವೈರಲ್ ಎಂದರು, ಆಮೇಲೆ ವಯಸ್ಸು ಎಂದರು. ವಾರಗಟ್ಟಲೆ ನಡೆಯಿತು. ಪಾಠದ ನಡುವೆ ಕಾರು ನಿಲ್ಲಿಸಿ ಡ್ಯಾಶ್‌ಬೋರ್ಡಿಗೆ ಹಣೆ ಒತ್ತಿಕೊಂಡು ಕೂರುತ್ತಿದ್ದ. ಕಲಿಯುವವರು ತಮ್ಮ ಡ್ರೈವಿಂಗಿಗೆ ಹೀಗಾಯಿತೆಂದು ಗಾಬರಿಯಾಗುತ್ತಿದ್ದರು. "ನಿಮಗೆ ಕೆಲಸ ಬೇಜಾರಾದಾಗೆಲ್ಲ ಜ್ವರ ಬರುತ್ತೆ" ಎಂದಿದ್ದಳು ಹೆಂಡತಿ. ಅವಳ ತಮ್ಮನ ಗೃಹಪ್ರವೇಶಕ್ಕೆ ಹೊರಡುವ ದಿನ ಅವನು ಮಂಚ ಬಿಟ್ಟು ಏಳದಿದ್ದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನಾಟಕ" ಎಂದಿದ್ದಳು. ಅವಳು ಒಬ್ಬಳೇ ಹೋಗಿ ಬಂದಾಗ ಅವನು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ.

ದೊಡ್ಡಾಸ್ಪತ್ರೆಯಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು. ಹೃದಯದ ಒಳಗೋಡೆಯಲ್ಲಿ, ಕವಾಟದ ಮೇಲೆ ಕ್ರಿಮಿಗಳು ಗೂಡು ಕಟ್ಟಿದ್ದವು. ಆದರೆ ಅವನಿಗೆ ನೆನಪಿರುವುದು ಆ ಹೆಸರಲ್ಲ, ಅದಕ್ಕೂ ಮುಂಚೆ ಒಬ್ಬ ಎಳೆಯ ಡಾಕ್ಟರು ಅವನ ಎರಡೂ ತೋಳುಗಳನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದ್ದು. "ಸೂಜಿ ಚುಚ್ಚಿಕೊಳ್ಳೋ ಅಭ್ಯಾಸ ಏನಾದ್ರೂ ಇದೆಯಾ? ಮಾದಕದ್ದು?" ಡಾಕ್ಟರ ದನಿಯಲ್ಲಿ ನಿಂದೆಯಿರಲಿಲ್ಲ, ಊಟ ಆಯಿತೇ ಎಂದು ಕೇಳುವಂತೆಯೇ ಕೇಳಿದರು. ಅವನಿಗೆ ನಗು ಬಂತು, ಹೆಂಡತಿಯೂ ನಗುತ್ತಾಳೆಂದು ಅವಳತ್ತ ತಿರುಗಿದ. ಅವಳು ನಗುತ್ತಿರಲಿಲ್ಲ. ಅವನ ಮೊಣಕೈಯ ಒಳಮಡಿಕೆಯನ್ನು ನೋಡುತ್ತಿದ್ದಳು. ಒಂದೇ ಕ್ಷಣ. ಆಮೇಲೆ ಮುಖ ಎತ್ತಿ, "ಛೆ, ಏನು ಕೇಳ್ತೀರಿ ಡಾಕ್ಟ್ರೇ, ಇವರು ಕಾಫಿ ಕೂಡ ಕುಡಿಯಲ್ಲ" ಎಂದಳು. ಆದರೆ ನೋಡಿದ್ದು ನೋಡಿಯಾಗಿತ್ತು. ಕ್ರಿಮಿ ಬಂದದ್ದು ಹಲ್ಲಿನಿಂದ ಎಂದು ಆಮೇಲೆ ಗೊತ್ತಾಯಿತು. ಹುಳುಕು ದವಡೆ ಹಲ್ಲೊಂದನ್ನು ಅವನು ವರ್ಷಗಟ್ಟಲೆ ಲವಂಗದೆಣ್ಣೆ ಹಚ್ಚಿ ಸಮಾಧಾನ ಮಾಡುತ್ತ ಬಂದಿದ್ದ. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ತನ್ನ ತೋಳಿನ ಮೇಲೆ ಬಿದ್ದ ಆ ನೋಟವನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವಳಿಗಂತೂ ಹೇಳಿರಲೇ ಇಲ್ಲ.

ಸಿಗ್ನಲ್ಲು ಹಸಿರಾಯಿತು, ಬೇಕರಿಯ ಯಜಮಾನಿ ಕಾರನ್ನು ಎರಡು ಸಲ ಆರಿಸಿ ಮೂರನೆಯ ಸಲ ಹೊರಡಿಸಿದಳು. ಚಪ್ಪಲಿ ಅಂಗಡಿಗಳ ಬೀದಿ. ಒಂದು ಅಂಗಡಿಯ ಮುಂಭಾಗಕ್ಕೆ ಏಣಿ ಹಾಕಿ ಯಾರೋ ತಿಳಿನೀಲಿ ಬಣ್ಣ ಬಳಿಯುತ್ತಿದ್ದ. ಬೆನ್ನು ನೋಡಿದೊಡನೆ ಗುರುತು ಸಿಕ್ಕಿತು. ಆರು ವಾರ ಒಂದೇ ಕೋಣೆಯಲ್ಲಿ, ಒಬ್ಬರ ಕೆಮ್ಮಿಗೆ ಇನ್ನೊಬ್ಬರು ಎಚ್ಚರಾಗುತ್ತ ಮಲಗಿದವರ ಬೆನ್ನು ಮರೆಯುವುದಿಲ್ಲ. ಪಕ್ಕದ ಮಂಚದ ಬಣ್ಣದವನು. ಅವನದೂ ಇದೇ ಕಾಯಿಲೆ, ಆದರೆ ಬಂದ ದಾರಿ ಬೇರೆ. ಅವನ ತೋಳುಗಳನ್ನು ದೀಪಕ್ಕೆ ಹಿಡಿಯುವ ಅಗತ್ಯವಿರಲಿಲ್ಲ; ನರ ಸಿಗದೆ ನರ್ಸುಗಳು ಅವನ ಕತ್ತಿಗೆ, ಪಾದಕ್ಕೆ ಸೂಜಿ ಹಾಕುತ್ತಿದ್ದರು. "ನನ್ನ ಮೈಯಲ್ಲಿ ಪಾರ್ಕಿಂಗ್ ಜಾಗ ಎಲ್ಲಾ ಭರ್ತಿ" ಎಂದು ಅವನೇ ನಗುವನು. ಅವನ ಕವಾಟ ಔಷಧಿಗೆ ಬಗ್ಗಲಿಲ್ಲ. ಎದೆ ತೆರೆದು ಬೇರೆಯದನ್ನು ಕೂರಿಸಿದರು. ನೋಡಲು ಬಂದವಳು ಒಬ್ಬ ಅಕ್ಕ ಮಾತ್ರ. ಅವಳೂ ಒಂದೇ ಸಲ ಬಂದು, ಬಾಗಿಲಲ್ಲೇ ನಿಂತು, ಬಟ್ಟೆಯ ಚೀಲವನ್ನು ನರ್ಸಿನ ಕೈಗೆ ಕೊಟ್ಟು ಹೋದಳು. ಹಗಲಿನ ಉದ್ದದಲ್ಲಿ ಇಬ್ಬರೂ ಮಾತಾಡುತ್ತಿದ್ದರು: ಬೆವರಿನ ಬಗ್ಗೆ, ಸಾಯುವುದರ ಬಗ್ಗೆ, ಗೋಡೆಗೆ ಎಷ್ಟು ಕೋಟು ಬಣ್ಣ ಬೇಕೆಂಬ ಬಗ್ಗೆ. ಯಾರಾದರೂ ತನ್ನನ್ನು ನೋಡಲು ಬಂದರೆ ಮಾತ್ರ ಅವನು ಬಣ್ಣದವನ ಮಂಚಕ್ಕೂ ತನ್ನದಕ್ಕೂ ನಡುವಿನ ಪರದೆಯನ್ನು ಎಳೆದುಬಿಡುತ್ತಿದ್ದ. ಶಾಲೆಯ ಮಾಲೀಕ ಬಂದಾಗ ಪರದೆಯಾಚೆಗೂ ಕೇಳುವ ಹಾಗೆ, "ನಂದು ಹಲ್ಲಿಂದ ಬಂದದ್ದು ಸರ್, ಬರೀ ಹಲ್ಲಿಂದ" ಎಂದ. ಎರಡು ಸಲ ಹೇಳಿದ. ಮಾಲೀಕ ಹೋದಮೇಲೆ ಪರದೆಯ ಆ ಕಡೆಯಿಂದ ದನಿ ಬಂತು: "ಹಲ್ಲು ಮೇಷ್ಟ್ರೇ, ನೀರಿನ ಬಾಟ್ಲಿ ನಿಮ್ಮ ಕಡೆ ಇದೆಯಾ?" ಅಂದಿನಿಂದ ಅದೇ ಹೆಸರು. ಸಿಟ್ಟಿನಿಂದ ಇಟ್ಟಿದ್ದರೆ ಸಹಿಸಬಹುದಿತ್ತು.

ಇನ್ನೂ ಒಂದು ಮಧ್ಯಾಹ್ನ ಇತ್ತು, ಬಣ್ಣದವನ ಎದೆ ತೆರೆಯುವ ಮುಂಚಿನದು. ಬಣ್ಣದವನು ಗಾಳಿಗೆಂದು ಕೆಳಗೆ ಹೋದವನು ಬಹಳ ಹೊತ್ತಿನ ಮೇಲೆ ಬಂದು, ಕಣ್ಣು ಅರೆಮುಚ್ಚಿ, ಯಾರದೋ ಒಳ್ಳೆಯ ಸುದ್ದಿ ಕೇಳಿದವನಂತೆ ನಗುತ್ತ ಮಲಗಿದ್ದ. ನರ್ಸು ಅವನ ದಿಂಬು ಹಾಸಿಗೆಯನ್ನೆಲ್ಲ ತಡಕಾಡಿದಳು, ಏನೂ ಸಿಗಲಿಲ್ಲ. "ನೀವೇನಾದ್ರೂ ನೋಡಿದ್ರಾ?" ಎಂದು ಪಕ್ಕದ ಮಂಚದಲ್ಲಿದ್ದ ತನ್ನನ್ನು ಕೇಳಿದಾಗ ಅವನು ತಲೆಯಾಡಿಸಿದ. ಆ ತಲೆಯಾಡಿಕೆ ಹೌದೋ ಅಲ್ಲವೋ ಅವನಿಗೇ ತಿಳಿಯಲಿಲ್ಲ. ಬಿಡುಗಡೆಯ ದಿನ ಇಬ್ಬರೂ ಫೋನ್ ನಂಬರು ಬರೆದುಕೊಂಡರು. ಅವನು ಮಾಡಲಿಲ್ಲ, ಬಣ್ಣದವನೂ ಮಾಡಲಿಲ್ಲ. ಮನೆಗೆ ಬಂದಮೇಲೆ ಜನ ಬಂದರು, ಹಣ್ಣು ತಂದರು, ಗಂಡಾಂತರ ಕಳೆಯಿತೆಂದರು. ಕಳೆದಿಲ್ಲ, ಅದು ಒಳಗೆ ಕೂತಿದೆ, ಪ್ರತಿ ಸಂಜೆ ಆರಾದರೆ ನನ್ನ ಹಣೆ ಮುಟ್ಟಿ ನೋಡುತ್ತದೆ ಎಂದು ಯಾರಿಗೆ ಹೇಳುವುದು. ಹೇಳಬಹುದಾದವನು ಜಗತ್ತಿನಲ್ಲಿ ಒಬ್ಬನೇ ಇದ್ದ, ಅವನು ಈಗ ಏಣಿಯ ಮೇಲಿದ್ದ.

ಸೀಟಿನಲ್ಲಿ ತುಸು ಕೆಳಗೆ ಜಾರಿ ಕೂತ. ಇನ್ನು ನಾಲ್ಕು ಅಂಗಡಿ ದಾಟಿದರೆ ತಿರುವು. ಆಗ ಬಣ್ಣದವನು ಇಳಿಯತೊಡಗಿದ. ಒಂದು ಮೆಟ್ಟಿಲು ಇಳಿದು, ನಿಂತು, ಹಣೆಯನ್ನು ಏಣಿಯ ಅಡ್ಡಪಟ್ಟಿಗೆ ಒತ್ತಿಕೊಂಡ. ಮತ್ತೊಂದು ಇಳಿದ. ಮತ್ತೆ ಹಣೆ. ದಣಿದವರು ಹಾಗೆ ಮಾಡುವುದಿಲ್ಲ. ದಣಿದವರು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ. ಕಬ್ಬಿಣದ ತಂಪು ಹಣೆಗೆ ಬೇಕಾಗುವುದು ಏಕೆಂದು ಅವನಿಗೆ ಗೊತ್ತಿತ್ತು. ಪಾದ ತನ್ನಷ್ಟಕ್ಕೆ ಬ್ರೇಕು ಒತ್ತಿತು.

"ಇದು ನಾನಲ್ಲ ಸರ್," ಎಂದಳು ಬೇಕರಿಯ ಯಜಮಾನಿ.

"ನಾನೇ. ಪಕ್ಕಕ್ಕೆ ಹಾಕಿ ಮೇಡಂ, ಒಂದು ನಿಮಿಷ."

ಬಣ್ಣದವನು ಅವನನ್ನು ಕಂಡು ಆಶ್ಚರ್ಯವನ್ನೇನೂ ತೋರಿಸಲಿಲ್ಲ. ಮೊದಲಿಗಿಂತ ಸೊರಗಿದ್ದ, ಕೆನ್ನೆಯ ಮೂಳೆಯ ಮೇಲೆ ನೀಲಿ ಹನಿಗಳು ಒಣಗಿದ್ದವು. "ಹಲ್ಲು ಮೇಷ್ಟ್ರು. ಬದುಕಿದ್ದೀರಾ?"

"ಇದ್ದೀನಿ. ನೀನು?"

"ನೋಡ್ತಿದ್ದೀರಲ್ಲ. ಮೇಲೆ ಹತ್ತಿದ್ದೆ, ಅಲ್ಲಿಂದ ಯಾರೂ ಕರೀಲಿಲ್ಲ, ಇಳಿದು ಬಂದೆ."

ನಗಬೇಕಾದಲ್ಲಿ ಅವನು, "ನಂಗೆ ಬೆಳಿಗ್ಗೆಯಿಂದ ಚಳಿ" ಎಂದುಬಿಟ್ಟ. ಹೆಂಡತಿಗೆ ಹೇಳದ ಮಾತು, ಬೀದಿಯಲ್ಲಿ ನಿಂತು ಇಷ್ಟು ಸುಲಭವಾಗಿ ಹೊರಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಬಣ್ಣದವನು ಕೈಯನ್ನು ಪ್ಯಾಂಟಿಗೆ ಒರೆಸಿ ಅವನ ಹಣೆಯ ಮೇಲೆ ಅಂಗೈ ಇಟ್ಟ, ಸ್ವಲ್ಪ ಹೊತ್ತು, ಅನುಭವಸ್ಥನಂತೆ. "ಏನಿಲ್ಲ ನಿಮಗೆ. ತಣ್ಣಗಿದ್ದೀರಿ, ನೀರಿನ ಕೊಡದ ಹಾಗೆ."

ಅಂಗೈ ಒಲೆಯಿಂದ ಇಳಿಸಿದ ಪಾತ್ರೆಯಂತೆ ಸುಡುತ್ತಿತ್ತು. ಅದನ್ನು ತೆಗೆಯುವ ಮೊದಲೇ ಮಣಿಕಟ್ಟು ಹಿಡಿದುಕೊಂಡ. "ನಿಂಗೆ ಯಾವಾಗಿನಿಂದ?"

"ಬಿಸಿಲಲ್ಲಿ ನಿಂತಿದ್ದೆ ಮೇಷ್ಟ್ರೇ."

"ಯಾವಾಗಿನಿಂದ ಅಂದೆ."

ಬಣ್ಣದವನು ಡಬ್ಬಿಯಲ್ಲಿ ಕುಂಚ ಆಡಿಸಿದ. "ಲೆಕ್ಕ ಇಟ್ಟಿಲ್ಲ. ರಾತ್ರಿ ಅಂಗಿ ಹಿಂಡೋ ಹಾಗಾಗುತ್ತೆ. ನಿಮಗೆ ಗೊತ್ತಲ್ಲ ಅದು."

"ಗೊತ್ತಿದ್ದೂ ಆಸ್ಪತ್ರೆಗೆ ಹೋಗಿಲ್ವಾ?"

"ಹೋದ್ರೆ ಮೊದ್ಲು ಕೇಳೋದು ಅದೊಂದೇ. ಆಪರೇಷನ್ ಆದ್ಮೇಲೆ ನಾನು ಮುಟ್ಟಿಲ್ಲ, ಒಂದು ದಿನಾನೂ ಮುಟ್ಟಿಲ್ಲ. ಹೇಳಿದ್ರೆ ಯಾರು ನಂಬ್ತಾರೆ? ಮತ್ತೆ ಹಾಳು ಮಾಡ್ಕೊಂಡು ಬಂದ್ರೆ ಇನ್ನೊಂದು ಸಲ ಎದೆ ತೆರೆಯಲ್ಲ ಅಂತ ಆಗ್ಲೇ ಹೇಳಿದ್ರು." ಕುಂಚ ನಿಂತಿತು. "ನೀವು ನಂಬ್ತೀರಾ?"

ಆ ಮಧ್ಯಾಹ್ನದ ಅರೆಮುಚ್ಚಿದ ಕಣ್ಣು ನೆನಪಿಗೆ ಬಂತು. ನಂಬುತ್ತೇನೆ ಎನ್ನಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ಆಗಿಹೋಗಿತ್ತು. "ಮೊದ್ಲು ಕಾರು ಹತ್ತು" ಎಂದ.

ಬೇಕರಿಯ ಯಜಮಾನಿ ಇಬ್ಬರನ್ನೂ ನೋಡಿ ತಾನಾಗಿಯೇ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು. "ಬೇಕಾದ್ರೆ ನಾನೇ ಓಡಿಸ್ತೀನಿ ಸರ್" ಎಂದಳು. "ಬೇಡಕ್ಕ, ನಾನು ಆಸ್ಪತ್ರೆ ಮುಟ್ಬೇಕು" ಎಂದ ಬಣ್ಣದವನು. ಆ ದಿನ ನಕ್ಕವಳು ಅವಳೊಬ್ಬಳೇ.

ಆಸ್ಪತ್ರೆಯ ಕಿಟಕಿಯ ಹಿಂದಿನ ಗುಮಾಸ್ತೆ ತಲೆಯೆತ್ತದೆ ಕೇಳಿದಳು, "ಇವರಿಗೆ ನೀವೇನಾಗ್ಬೇಕು?" ಪಕ್ಕದ ಕುರ್ಚಿಯಲ್ಲಿ ಗೋಡೆಗೆ ತಲೆಯಾನಿಸಿ ಕೂತಿದ್ದ ಬಣ್ಣದವನು ಕಣ್ಣುಮುಚ್ಚಿಕೊಂಡೇ, "ಯಾರೂ ಅಲ್ಲ, ಡ್ರಾಪ್ ಕೊಟ್ರು" ಎಂದ. ಅವನು ಹೇಳಿದ್ದು ಹೊರಡಲು ದಾರಿ ಬಿಟ್ಟುಕೊಟ್ಟಂತಿತ್ತು, ದೊಡ್ಡ ಮನಸ್ಸಿನಿಂದ. ಅದೇ ಕರೆತಂದವನಿಗೆ ತಡೆಯಲಾಗಲಿಲ್ಲ. "ಅಣ್ಣ" ಎಂದ ಅವನು. ಗುಮಾಸ್ತೆ ಈಗ ತಲೆಯೆತ್ತಿ ಇಬ್ಬರ ಮುಖವನ್ನೂ ನೋಡಿದಳು. "ಸ್ವಂತ ಅಣ್ಣ?" "ಸ್ವಂತ." ಬಣ್ಣದವನು ಒಂದು ಕಣ್ಣು ತೆರೆದು ಮುಚ್ಚಿದ. ಒಳಗೆ ಕರೆದೊಯ್ದು ಮಲಗಿಸಿದರು, ಸೂಜಿಗೆ ನರ ಹುಡುಕಿದರು, ಆ ಪ್ರಶ್ನೆಯನ್ನು ಕೇಳಿದರು, ಅವನು ಇಲ್ಲವೆಂದ, ಕೇಳಿದವರು ಬರೆದುಕೊಂಡರು. ನಂಬಿ ಬರೆದುಕೊಳ್ಳುವುದಕ್ಕೂ ಸುಮ್ಮನೆ ಬರೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಕೈ ಆಡುವ ರೀತಿಯಲ್ಲೇ ಕಾಣುತ್ತಿತ್ತು. ವಾರ್ಡಿನ ಹಳೆಯ ಡಾಕ್ಟರು ಕರೆತಂದವನ ಗುರುತು ಹಿಡಿದು, ಚೀಟಿಯಲ್ಲಿ ಅಣ್ಣ ಎಂದು ಬರೆದದ್ದನ್ನು ಓದಿಯೂ ತಿದ್ದದೆ, ಬಂದಿದ್ದೀರಿ ಎಂದಮೇಲೆ ನಿಮ್ಮದೂ ನೋಡೋಣ ಎಂದು ಅವನ ರಕ್ತವನ್ನೂ ತೆಗೆದರು. ಅದರಲ್ಲಿ ಯಾವ ಕ್ರಿಮಿಯೂ ಬೆಳೆಯಲಿಲ್ಲ ಎಂದು ಕೆಲವು ದಿನಗಳ ಮೇಲೆ ಹೇಳಿದರು. ಬಣ್ಣದವನದರಲ್ಲಿ ಮರುದಿನವೇ ಬೆಳೆದಿತ್ತು.

ಆ ಸಂಜೆ ಹೆಂಡತಿಗೆ ಎಲ್ಲ ಹೇಳಿದ. ಬೆಳಗಿನ ಚಳಿಯಿಂದ ಶುರುಮಾಡಿ ಹೇಳಿದ. ಅವಳು ತರಕಾರಿ ಹೆಚ್ಚುತ್ತಿದ್ದಳು, ಚಾಕು ನಿಲ್ಲಲಿಲ್ಲ. "ಅಣ್ಣ ಅಂತ ಹೇಳ್ಬಿಟ್ಟೆ" ಎಂದಾಗ ಮಾತ್ರ ನಿಂತಿತು. ಬೇಡದ ಹೊಣೆ ತಲೆಗೆ ಕಟ್ಟಿಕೊಂಡು ಬಂದಿರಿ ಎನ್ನುತ್ತಾಳೆಂದು ಕಾದ. ಅನ್ನಲಿ ಎಂದು ಒಳಗೊಳಗೇ ಬಯಸಿದ.

"ಹೇಳಿದ್ರೆ ಹೇಳಿದ್ರಿ. ತಮ್ಮ ಅಂದ್ಮೇಲೆ ಬಟ್ಟೆ ಒಯ್ಯಬೇಕಲ್ಲ. ನಿಮ್ಮ ಹಳೇ ಅಂಗಿಗಳು ಅವನಿಗೆ ದೊಡ್ಡವಾಗುತ್ತವೆ," ಎಂದಳು. ಆಮೇಲೆ, "ಅವನಿಗೆ ಬಾಳೆಹಣ್ಣು ಅಂದ್ರೆ ಇಷ್ಟ. ಆಗಲೂ ನಾನು ಒಂದು ಹೆಚ್ಚಿಗೆ ತರ್ತಿದ್ದೆ. ನೀವು ಮುಖ ಸಿಂಡರಿಸ್ತಿದ್ರಿ."

ಅವನು ಮುಖ ಸಿಂಡರಿಸಿದ್ದು ಅವಳಿಗೆ ಕಂಡಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ತನ್ನ ತೋಳಿನ ಮೇಲೆ ಬಿದ್ದ ಒಂದು ನೋಟವನ್ನು ವರ್ಷವಿಡೀ ಲೆಕ್ಕ ಹಿಡಿದು ಕೂತವನಿಗೆ ಅವಳ ಕಡೆಯೂ ಒಂದು ಲೆಕ್ಕ ಇರಬಹುದೆಂದು ಹೊಳೆದಿರಲಿಲ್ಲ. "ಅವತ್ತು ಡಾಕ್ಟ್ರು ಕೇಳಿದಾಗ ನನ್ನ ಕೈ ನೋಡ್ದೆ ನೀನು" ಎಂದ. ಹೇಳಬೇಕೆಂದು ಹೇಳಿದ್ದಲ್ಲ; ಬಾಳೆಹಣ್ಣಿನ ಹಿಂದೆಯೇ ಅದೂ ಜಾರಿ ಬಂತು.

ಅವಳು ತಿರುಗಲಿಲ್ಲ. "ನೋಡ್ದೆ."

"ಸೂಜಿ ಗುರುತು ಇರುತ್ತೆ ಅಂತ ಅನ್ನಿಸ್ತಾ?"

"ಇರ್ಲಿ ಅಂತ ಅನ್ನಿಸ್ತು." ಹೆಚ್ಚಿದ್ದನ್ನು ಪಾತ್ರೆಗೆ ಸುರಿದು, ಚಾಕುವಿನ ಬೆನ್ನಿನಿಂದ ಹಲಗೆ ಕೆರೆದಳು. "ಗುರುತು ಇದ್ರೆ ನಿಮ್ಮ ತಪ್ಪಾಗ್ತಿತ್ತು. ಇರ್ಲಿಲ್ಲ. ಆಮೇಲೆ ಉಳಿದದ್ದು ಏನು? ವಾರಗಟ್ಟಲೆ ನೀವು ಜ್ವರ ಅಂತ ಹೇಳಿದ್ದು, ನಾನು ನಾಟಕ ಅಂದದ್ದು. ಅಡುಗೆಮನೆಗೆ ಬರುವಾಗೆಲ್ಲ ಈಗಲೂ ನೆಲ ನೋಡಿ ಕಾಲಿಡ್ತೀನಿ."

ಅವನು ಅವಳ ಹಿಂದೆ ಹೋಗಿ ನಿಂತ. ಮುಟ್ಟಬೇಕೆಂದುಕೊಂಡ, ಅವಳ ಕುತ್ತಿಗೆಯ ಬಳಿಯ ಬಿಳಿ ಕೂದಲು ಹತ್ತಿರದಿಂದ ಕಂಡಿತು, ಅದು ಯಾವಾಗ ಬಿಳಿಯಾಯಿತೋ. ಸ್ಟವ್ ಹಚ್ಚಬೇಕಾಗಿದ್ದ ಅವಳು, "ಸ್ವಲ್ಪ ಸರೀರಿ" ಎಂದಳು. ಸರಿದ. ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಕಡೆಯಿಂದ ಒಂದೇ ಕಾಯಿಲೆಯನ್ನು ಅನುಭವಿಸಿದ್ದರು. ಹೇಳಿಕೊಂಡ ಮೇಲೂ ಅದು ಒಂದಾಗಲಿಲ್ಲ. ಆದರೂ ಆ ರಾತ್ರಿ ಅವಳು ಅವನ ಹಣೆ ಮುಟ್ಟಿ ನೋಡಿದಾಗ ಅವನು ಮುಖ ತಿರುಗಿಸಿಕೊಳ್ಳಲಿಲ್ಲ.

ಆಮೇಲಿನ ದಿನಗಳಲ್ಲಿ ಪಾಠ ಮುಗಿಸಿ ನೇರ ಆಸ್ಪತ್ರೆಗೆ ಹೋಗತೊಡಗಿದ. ಔಷಧಿಯ ಬಾಟಲಿಗಳು ಬದಲಾದವು, ಜ್ವರ ಇಳಿಯಲಿಲ್ಲ. ಬಣ್ಣದವನು ಮಾತು ಕಡಿಮೆ ಮಾಡಿದ. ಒಂದು ದಿನ ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಅಣ್ಣನೆಂದಿದ್ದ ಅವನನ್ನು ಹೊರಗೆ ಕರೆದಳು. ಇಡೀ ದಿನ ನಿಂತು ಕಾಲು ಬಾತವಳಂತೆ ಕಾರಿಡಾರಿನ ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕೂತಳು.

"ಔಷಧಿ ಸಾಕಾಗ್ತಿಲ್ಲ. ಹೋದ ಸಲ ಕೂರಿಸಿದ ಕವಾಟದ ಸುತ್ತ ಕೀವು ಕಟ್ಟಿದೆ. ಅದನ್ನ ಕಿತ್ತು ಬೇರೆ ಹಾಕ್ಬೇಕು. ಎರಡನೇ ಸಲ ಅಂದ್ರೆ ಅಪಾಯ ಜಾಸ್ತಿ, ಟೇಬಲ್ ಮೇಲೇ ಹೋಗಿಬಿಡಬಹುದು. ಮಾಡದಿದ್ರೆ ಖಂಡಿತ ಹೋಗ್ತಾರೆ."

"ಮಾಡಿ ಡಾಕ್ಟ್ರೇ."

"ನಾನು ಮಾಡ್ತೀನಿ. ಆದ್ರೆ ಒಬ್ಬಳೇ ನಿರ್ಧಾರ ಮಾಡೋ ಹಾಗಿಲ್ಲ, ಒಳಗೆ ಒಪ್ಪದವರಿದ್ದಾರೆ. ಮತ್ತೆ ಸೂಜಿ ಶುರು ಮಾಡಿದ್ರೆ ಈ ಕವಾಟಾನೂ ಹಾಳಾಗುತ್ತೆ ಅಂತಾರೆ. ರಕ್ತದಲ್ಲಿ ಮಾದಕದ್ದೇನೂ ಸಿಗ್ಲಿಲ್ಲ, ನಿಜ. ಹೋದ ತಿಂಗಳಿನದು ರಕ್ತದಲ್ಲಿ ಉಳಿಯಲ್ಲ." ಅವಳು ಅವನ ಕಡೆ ತಿರುಗಿದಳು. "ಅವರನ್ನ ಕೇಳಿದ್ರೆ ಇಲ್ಲ ಅಂತಾರೆ. ಎಲ್ಲರೂ ಹಾಗೇ ಅಂತಾರೆ. ನೀವು ಅಣ್ಣ, ಹತ್ತಿರದಿಂದ ನೋಡಿರ್ತೀರಿ. ಮತ್ತೆ ಶುರು ಮಾಡಿದ್ರಾ?"

ಗೊತ್ತಿಲ್ಲ ಎಂಬುದು ನಿಜ. ಅದಕ್ಕಿಂತ ಸರಳವಾದ ಉತ್ತರವೂ ಇರಲಿಲ್ಲ. ಹಾಗೆ ಹೇಳಿದರೆ ಯಾರೂ ಅವನನ್ನು ದೂರುವಂತಿರಲಿಲ್ಲ. ಇವನ ಮನೆ ಎಲ್ಲಿದೆ, ಯಾರ ಜೊತೆ ಓಡಾಡುತ್ತಾನೆ, ಸಂಜೆ ಕೈಗೆ ಬಂದ ಕೂಲಿಯನ್ನು ಏನು ಮಾಡುತ್ತಾನೆ, ಒಂದೂ ತಿಳಿಯದು. ವರ್ಷದಲ್ಲಿ ಒಂದು ಫೋನು ಮಾಡದವನು ಯಾವ ಬಾಯಿಂದ ಸಾಕ್ಷಿ ಹೇಳುವುದು. ಅರೆಮುಚ್ಚಿದ ಆ ಕಣ್ಣುಗಳು ಮತ್ತೆ ಬಂದು ಎದುರು ನಿಂತವು. ಅಂದು ಹೌದೋ ಅಲ್ಲವೋ ಎನ್ನುವಂತೆ ಆಡಿಸಿದ ತನ್ನ ತಲೆಯೂ. ಗೊತ್ತಿಲ್ಲ ಎಂದರೆ ಈ ಹೆಂಗಸು ಎದ್ದು ಒಳಗೆ ಹೋಗುತ್ತಾಳೆ, ಅಣ್ಣನಿಗೂ ಗೊತ್ತಿಲ್ಲವಂತೆ ಎನ್ನುತ್ತಾಳೆ, ಒಪ್ಪದವರು ಕಾಗದ ಮಡಚಿಡುತ್ತಾರೆ. ಅಷ್ಟು ಮೆತ್ತಗೆ ಆಗುತ್ತದೆ ಅದು. ಒಬ್ಬ ಮನುಷ್ಯನ ಮಾತು ನಿಜವೋ ಎಂದು ತೋಳು ತಿರುಗಿಸಿ ನೋಡಿದರೆ ತಿಳಿಯುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಹೌದು ಅನ್ನಬೇಕು, ಗೊತ್ತಿಲ್ಲದೆಯೇ ಅನ್ನಬೇಕು.

"ಇಲ್ಲ" ಎಂದ.

"ಖಂಡಿತಾ?"

"ನನ್ನ ತಮ್ಮ. ನನಗೆ ಗೊತ್ತಿರಲ್ವಾ?"

 ಡಾಕ್ಟರಮ್ಮ ಕ್ಷಣಹೊತ್ತು ಅವನ ಮುಖ ನೋಡಿ, ಮೊಣಕಾಲಿಗೆ ಕೈಯೂರಿ ಎದ್ದಳು. ಅವಳು ನಂಬಿದಳೋ, ನಂಬಲು ಒಂದು ಮಾತು ಬೇಕಾಗಿತ್ತೋ, ತಿಳಿಯಲಿಲ್ಲ.

ಶಸ್ತ್ರಚಿಕಿತ್ಸೆಯ ದಿನ ಹೆಂಡತಿಯೂ ಬಂದು ಕೂತಳು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತ್ತು. ಒಳಗೆ ಮಲಗಿದವನು ಒಂಟಿ ಎಂದು ಅವನು ಇಷ್ಟು ದಿನ ತಿಳಿದಿದ್ದ. ಹೊರಗೆ ಕೂರುವುದು ಹೇಗಿರುತ್ತದೆಂದು ಕಂಡಿರಲಿಲ್ಲ. ಮಾಡಲು ಏನೂ ಇಲ್ಲ, ಕೈಗಳು ಮಾತ್ರ ತೊಡೆಯ ಮೇಲೆ ಬೇಡದ ಸಾಮಾನಿನಂತೆ ಬಿದ್ದಿವೆ. ಯಾರೋ ಒಬ್ಬರ ಚಪ್ಪಲಿ ಸದ್ದಿಗೆ ಎದೆ ಹಾರುತ್ತದೆ, ಅವರು ಬೇರೆ ಬಾಗಿಲಿಗೆ ಹೋಗುತ್ತಾರೆ. ಹೋದ ವರ್ಷ ಇವಳು ಹೀಗೆ ಎಷ್ಟು ಹೊತ್ತು ಕೂತಿದ್ದಳು ಎಂದು ಕೇಳಬೇಕೆನಿಸಿತು. ನೋಡಿದರೆ ಅವಳು ಗೋಡೆಗೊರಗಿ, ಬಾಯಿ ತುಸು ತೆರೆದು, ಕೂತಲ್ಲೇ ನಿದ್ದೆ ಹೋಗಿದ್ದಳು. ಇಂಥ ಬೆಂಚಿನ ಮೇಲೆ ಮಲಗುವುದು ರೂಢಿಯಾದವರ ನಿದ್ದೆ. ಎಬ್ಬಿಸಲಿಲ್ಲ. ಡಾಕ್ಟರಮ್ಮ ಹೊರಬಂದಾಗ ಬೀದಿ ದೀಪಗಳು ಹತ್ತಿದ್ದವು. "ಸದ್ಯಕ್ಕೆ ಪಾರಾಗಿದ್ದಾರೆ" ಎಂದಳು. ಅವನು ಆ ಸದ್ಯಕ್ಕೆ ಎಂಬ ಮಾತನ್ನು ಬಹಳ ದಿನ ಹೊತ್ತು ತಿರುಗಿದ. ಮೊದಲ ವಾರ ಮೂತ್ರಪಿಂಡ ಕೈಕೊಡುತ್ತದೆಂದರು, ಕೊಡಲಿಲ್ಲ. ಆಮೇಲೆ ಜ್ವರ ನಿಂತಿತು. ಆಮೇಲೆ ಕೊಳವೆಗಳು ಒಂದೊಂದೇ ಹೊರಬಂದವು.

ವಾರ್ಡಿಗೆ ಬಂದ ಮೇಲೆ ಬಣ್ಣದವನಿಗೆ ಮಾತು ಮರಳಿತು, ನಗು ಅಷ್ಟು ಬೇಗ ಮರಳಲಿಲ್ಲ. ಒಂದು ಸಂಜೆ ಅವನು ಹೋದಾಗ ಬಣ್ಣದವನು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಎದೆಯ ಮೇಲಿನ ಪಟ್ಟಿ ಅಂಗಿಯ ಸಂದಿನಲ್ಲಿ ಕಾಣುತ್ತಿತ್ತು. ತಿರುಗದೆ ಹೇಳಿದ:

"ಡಾಕ್ಟರಮ್ಮ ಬಂದಿದ್ರು. ನಿಮ್ಮಣ್ಣ ಅಷ್ಟು ಗಟ್ಟಿಯಾಗಿ ಹೇಳದೇ ಇದ್ದಿದ್ರೆ ಕಷ್ಟ ಇತ್ತು ಅಂದ್ರು."

ಅವನು ಮಂಚದ ಕಾಲಕಡೆ ನಿಂತೇ ಇದ್ದ.

"ನಂಬಿ ಹೇಳಿದ್ರಾ, ಸುಮ್ನೆ ಹೇಳಿದ್ರಾ?"

ಹೌದು ನಂಬಿದ್ದೆ ಎನ್ನುವುದು ಈಗ ಏನೂ ಕಷ್ಟವಿರಲಿಲ್ಲ. ಗುಮಾಸ್ತೆಗೆ ಸುಳ್ಳು ಹೇಳಿದ್ದ, ಡಾಕ್ಟರಮ್ಮನಿಗೆ ಹೇಳಿದ್ದ, ಎರಡೂ ಸಲ ಸರಾಗವಾಗಿ ಬಂದಿತ್ತು. ಇವನಿಗೂ ಹೇಳಿದರೆ ಇವನು ಒಂದು ನಿಟ್ಟುಸಿರು ಬಿಟ್ಟು ಮಲಗುತ್ತಾನೆ, ತಾನು ಒಳ್ಳೆಯವನಾಗಿ ಮನೆಗೆ ಹೋಗಬಹುದು. ಬಾಯಿ ತೆರೆದ. ಆದರೆ ಬೆವರನ್ನು, ಸಾವಿನ ಹೆದರಿಕೆಯನ್ನು ಮುಚ್ಚಿಡದೆ ಮಾತಾಡಿದ್ದು ಇವನೊಬ್ಬನ ಹತ್ತಿರವೇ. ಇವನಿಗೂ ಸುಳ್ಳು ಹೇಳಿದರೆ ಇನ್ನು ಯಾರೂ ಉಳಿಯುವುದಿಲ್ಲ.

"ನಂಬಿರ್ಲಿಲ್ಲ" ಎಂದ. "ನಂಬಬಾರದು ಅಂತಲೂ ಇರ್ಲಿಲ್ಲ. ಗೊತ್ತಿರ್ಲಿಲ್ಲ. ಈಗ್ಲೂ ಗೊತ್ತಿಲ್ಲ."

 ಹೊರಗೆ ಊಟದ ಗಾಡಿ ಒಂದೊಂದೇ ಬಾಗಿಲ ಮುಂದೆ ನಿಲ್ಲುತ್ತ, ತಟ್ಟೆಗಳ ಸದ್ದು ಮಾಡುತ್ತ ದೂರ ಹೋಯಿತು.

"ಮುಟ್ಟಿರ್ಲಿಲ್ಲ" ಎಂದ ಬಣ್ಣದವನು, ಕಿಟಕಿಗೆ ಹೇಳುವಂತೆ.

"ಹ್ಞೂಂ."

"ನೀವು ನಂಬ್ಲಿ ಅಂತ ಹೇಳ್ತಿಲ್ಲ. ಒಂದು ಸಲ ಜೋರಾಗಿ ಹೇಳಿ ನೋಡ್ದೆ, ಹೇಗೆ ಕೇಳ್ಸುತ್ತೆ ಅಂತ."

"ಹೇಗೆ ಕೇಳಿಸ್ತು?"

"ಸುಳ್ಳಿನ ಹಾಗೇ." ಅವನು ನಿಧಾನವಾಗಿ, ಎದೆಯ ಹೊಲಿಗೆಗೆ ಕೈಯೊತ್ತಿ ಹಿಡಿದು ಈ ಕಡೆ ಹೊರಳಿದ. ಕಣ್ಣುಗಳು ಒದ್ದೆಯಾಗಿದ್ದವು, ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ಹೊದಿಕೆಯೊಳಗೇ ಕಾಲುಗಳನ್ನು ಒಂದು ಬದಿಗೆ ಎಳೆದುಕೊಂಡು ಮಂಚದ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದ. "ಕೂತ್ಕೊಳ್ಳಿ. ಎಷ್ಟೊತ್ತು ನಿಂತೇ ಇರ್ತೀರಿ."

ಅವನು ಕೂತ.  ನೋಡಲು ಬಂದವರು ಹೊರಡಬೇಕೆಂದು ಗಂಟೆ ಹೊಡೆಯಿತು. ಉದ್ದಕ್ಕೂ ಮಂಚಗಳ ಬಳಿ ಕುರ್ಚಿ ಸರಿಸುವ, ಚೀಲ ಎತ್ತಿಕೊಳ್ಳುವ, ನಾಳೆ ಬರ್ತೀವಿ ಎನ್ನುವ ಸದ್ದು. ಅವರಿಬ್ಬರೂ ಕೇಳಿಸದವರಂತೆ ಇದ್ದಲ್ಲೇ ಇದ್ದರು.